ಇರೋದೇ 32 ಹಲ್ಲು, ಈ ‘36’ ಎಲ್ಲಿಂದ ಬಂತು?

ಡೆಂಟಿಸ್ಟ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೀರಿ. ಡಾಕ್ಟರು ಪುಟ್ಟ ಕನ್ನಡಿಯಲ್ಲಿ ಒಳಗೆ ನೋಡ್ತಾ ಪಕ್ಕದಲ್ಲಿರೋ ಸಹಾಯಕಿಗೆ ಹೇಳ್ತಾರೆ: ‘ತ್ರೀ ಸಿಕ್ಸ್, ಎಂ ಓ. ಟೂ ಸಿಕ್ಸ್, ಓ.’ ಆಕೆ ಬರೆದುಕೊಳ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಬರಹ ಎಸ್ಟಿಮೇಟ್ ಆಗಿ ನಿಮ್ಮ ಕೈಗೆ ಬರುತ್ತೆ. ಮನುಷ್ಯನಿಗೆ ಇರೋದೇ 32 ಹಲ್ಲು, 36ನೇದು ಯಾವುದು ಅಂತ ಕೇಳೋಕೆ ಸಂಕೋಚ. ಕೆಳಗಿರೋ ಮೊತ್ತ ಮಾತ್ರ ಅರ್ಥ ಆಗುತ್ತೆ.

ಈ ಚೀಟಿಯನ್ನು ಓದೋದು ಕಷ್ಟವಿಲ್ಲ. ಇದು ಪಿನ್ ಕೋಡ್ ಇದ್ದ ಹಾಗೆ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅನ್ನೋದನ್ನು ಹೇಳುತ್ತೆ: 1 ಅಂದ್ರೆ ನಿಮ್ಮ ಮೇಲಿನ ಬಲ, 2 ಮೇಲಿನ ಎಡ, 3 ಕೆಳಗಿನ ಎಡ, 4 ಕೆಳಗಿನ ಬಲ. ಎರಡನೇ ಅಂಕಿ ಮುಂದಿನ ನಡುಹಲ್ಲಿನಿಂದ ಹಿಂದಕ್ಕೆ ಎಣಿಸಿದ ಸ್ಥಾನ. 1 ಮತ್ತು 2 ಬಾಚಿ ಹಲ್ಲು, 3 ಕೋರೆ ಹಲ್ಲು, 4 ಮತ್ತು 5 ಮುಂದವಡೆ ಹಲ್ಲು, 6ರಿಂದ 8 ದವಡೆ ಹಲ್ಲು. 8 ನಮ್ಮ ಬುದ್ಧಿ ಹಲ್ಲು. ಹಾಗಾಗಿ ಅದು ಮೂವತ್ತಾರು ಅಲ್ಲ, ‘ಮೂರು-ಆರು’: ಕೆಳಗಿನ ಎಡಭಾಗದ ಮೊದಲ ದವಡೆ ಹಲ್ಲು. ಮಕ್ಕಳ 20 ಹಾಲು ಹಲ್ಲಿಗೆ ಮೊದಲ ಅಂಕಿ 5ರಿಂದ 8.

ಅಮೆರಿಕದಲ್ಲಿ ಪದ್ಧತಿ ಬೇರೆ. ಅಲ್ಲಿ 1ರಿಂದ 32ರವರೆಗೆ ಸಾಲಾಗಿ ಎಣಿಸ್ತಾರೆ. ನಮ್ಮ 36 ಅವರಿಗೆ 19. ಇನ್ನೊಂದು ಉದಾಹರಣೆ ನೋಡಿ: ಇಲ್ಲಿ 14 ಅಂದ್ರೆ ಮೇಲಿನ ಬಲದ ಮುಂದವಡೆ ಹಲ್ಲು, ಕ್ಲಿಪ್ ಹಾಕಿಸುವಾಗ ಎಷ್ಟೋ ಸಲ ತೆಗೆಸೋದು ಅದನ್ನೇ. ಅಲ್ಲಿ 14 ಅಂದ್ರೆ ಮೇಲಿನ ಎಡದ ದವಡೆ ಹಲ್ಲು. ಅಲ್ಲಿಂದ ರಜಕ್ಕೆ ಬಂದು ಇಲ್ಲಿ ಹಲ್ಲು ತೋರಿಸೋರು ಅಲ್ಲಿನ ರಿಪೋರ್ಟ್ ತಂದಿದ್ರೆ ಇದನ್ನು ನೆನಪಿಡಿ. ತಪ್ಪು ಹಲ್ಲು ಕಿತ್ತರೆ ವಾಪಸ್ ಬರಲ್ಲ.

ಇನ್ನು ಆ ಅಕ್ಷರಗಳು. ಪ್ರತಿ ಹಲ್ಲಿಗೂ ಐದು ಮುಖ. ಇಲ್ಲಿ ಎಡ-ಬಲ, ಹಿಂದೆ-ಮುಂದೆ ಅಂದ್ರೆ ಕೆಲಸ ನಡೆಯಲ್ಲ, ಯಾಕಂದ್ರೆ ದವಡೆ ಬಾಗಿದೆ. ಮುಂದಿನ ಹಲ್ಲಿನ ‘ಪಕ್ಕ’ ಹಿಂದಿನ ಹಲ್ಲಿಗೆ ಬರುವಷ್ಟರಲ್ಲಿ ‘ಮುಂದೆ’ ಆಗಿಬಿಡುತ್ತೆ. ಅದಕ್ಕೆ ಮುಖದ ನಡುಗೆರೆಯನ್ನು ಆಧಾರ ಮಾಡಿಕೊಂಡಿದ್ದಾರೆ. ಹಲ್ಲಿನ ಸಾಲಿನುದ್ದಕ್ಕೂ ಹೋದಾಗ ನಡುಗೆರೆಯತ್ತ ಇರೋ ಮುಖ ಮೀಸಿಯಲ್, ಅಂದ್ರೆ ಎಂ. ಅದರಿಂದ ದೂರ ಇರೋದು ಡಿಸ್ಟಲ್, ಡಿ. ಕೆನ್ನೆ ಕಡೆಯದು ಬಕಲ್, ಬಿ. ನಾಲಿಗೆ ಕಡೆಯದು ಲಿಂಗ್ವಲ್, ಎಲ್. ಮೇಲಿನ ಹಲ್ಲಿಗಾದರೆ ಅಂಗುಳದ ಕಡೆ ಅಂತ ಪ್ಯಾಲಟಲ್. ಅಗಿಯೋ ಮುಖ ಅಕ್ಲೂಸಲ್, ಓ. ಮುಂದಿನ ಹಲ್ಲುಗಳಲ್ಲಿ ಅಗಿಯೋ ಮುಖದ ಬದಲು ಕತ್ತರಿಸೋ ಅಂಚು ಇರುತ್ತೆ. ‘36 ಎಂಓ’ ಅಂದ್ರೆ ಕೆಳಗಿನ ಎಡ ದವಡೆ ಹಲ್ಲಿನ ಮುಂಭಾಗದ ಸಂದಿಯೂ ಅಗಿಯೋ ಮುಖವೂ ಹುಳುಕಾಗಿವೆ ಅಂತ.

ಇಷ್ಟು ತಿಳಿದುಕೊಂಡು ನಮಗೇನು ಲಾಭ ಅಂತೀರಾ? ಹಲ್ಲು ಎಲ್ಲಿ ಬೇಕಾದರೂ ಹುಳುಕಾಗಲ್ಲ. ಅದಕ್ಕೆ ಇಷ್ಟವಾದ ಜಾಗಗಳಿವೆ.

ಮೊದಲನೇದು ಅಗಿಯೋ ಮುಖ. ದವಡೆ ಹಲ್ಲಿನ ಮೇಲ್ಭಾಗವನ್ನು ಮಲೆನಾಡಿನ ನಕ್ಷೆ ಅಂದುಕೊಳ್ಳಿ. ಕಸ್ಪ್ ಅನ್ನೋ ಗುಡ್ಡಗಳು, ಅವುಗಳ ನಡುವೆ ಫಿಶರ್ ಅನ್ನೋ ಕಣಿವೆಗಳು. ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಐದು ಗುಡ್ಡ, ಮೇಲಿನದಕ್ಕೆ ನಾಲ್ಕು. ಈ ಕಣಿವೆಗಳಲ್ಲಿ ಎಷ್ಟೋ ಬ್ರಷ್‌ನ ಒಂದು ಎಳೆಗಿಂತಲೂ ಕಿರಿದು. ನೀವೆಷ್ಟೇ ಉಜ್ಜಿ, ತಳ ಮುಟ್ಟಲ್ಲ. ಅಲ್ಲಿ ಉಳಿದ ಸಕ್ಕರೆ, ಹಿಟ್ಟಿನಂಶವನ್ನು ಬ್ಯಾಕ್ಟೀರಿಯಾ ಆಮ್ಲ ಮಾಡುತ್ತೆ. ಪಿಹೆಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗೋಕೆ ಶುರು. ‘ಹಲ್ಲಿಗೆ ಹುಳ ಹಿಡಿದಿದೆ’ ಅಂತೀವಲ್ಲ, ಅಲ್ಲಿ ಹುಳ ಇಲ್ಲ, ಇರೋದು ಆಮ್ಲ. ಎನಾಮಲ್ ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಇಲ್ಲವಾಗುತ್ತವೆ. ಹಾಗಾಗಿ ಒಮ್ಮೆ ಕುಳಿ ಬಿದ್ದರೆ ಮತ್ತೆ ತುಂಬಿಕೊಳ್ಳಲ್ಲ.

ಎರಡನೇದು ಹಲ್ಲಿನ ಸಂದಿ, ಅಂದ್ರೆ ಎಂ ಮತ್ತು ಡಿ ಮುಖಗಳು. ಎರಡು ಹಲ್ಲು ಒಂದಕ್ಕೊಂದು ತಾಗೋ ಬಿಂದುವಿನ ಸ್ವಲ್ಪ ಕೆಳಗೆ, ವಸಡಿನ ಕಡೆಗೆ, ಹುಳುಕು ಶುರುವಾಗುತ್ತೆ. ಅಲ್ಲಿಗೆ ಬ್ರಷ್ ಹೋಗಲ್ಲ, ಫ್ಲಾಸ್ ಇಲ್ಲವೇ ಸಂದಿ ಬ್ರಷ್ ಬೇಕು. ಶುರುವಿನಲ್ಲಿ ಡಾಕ್ಟರ ಕನ್ನಡಿಗೂ ಇದು ಕಾಣದೇ ಇರಬಹುದು. ಅದಕ್ಕೇ ಬೈಟ್‌ವಿಂಗ್ ಅನ್ನೋ ಚಿಕ್ಕ ಎಕ್ಸ್‌ರೇ. ‘ಹಲ್ಲು ಚೆನ್ನಾಗೇ ಕಾಣುತ್ತಲ್ಲ, ಎಕ್ಸ್‌ರೇ ಯಾಕೆ’ ಅಂತ ಅನುಮಾನ ಪಡೋ ಮುಂಚೆ ಇದು ಗೊತ್ತಿರಲಿ.

ಮೂರನೇದು ಹಲ್ಲಿನ ಕುತ್ತಿಗೆ: ಮೇಲಿನ ಎನಾಮಲ್ ಮುಗಿದು ಬೇರಿನ ಹೊದಿಕೆ ಶುರುವಾಗೋ ಗೆರೆ. ಎನಾಮಲ್ ಅತಿ ತೆಳುವಾಗಿರೋದು ಅಲ್ಲೇ. ಬಚ್ಚಲು ತಿಕ್ಕಿದ ಹಾಗೆ ಅಡ್ಡಡ್ಡ ಉಜ್ಜೋರಿಗೆ ವಸಡು ಸರಿದು ಅಲ್ಲಿ ಸವೆತ ಶುರುವಾಗುತ್ತೆ. ತಣ್ಣೀರು ಕುಡಿದಾಗ ಜುಂ ಅನ್ನೋದು ಬಹಳ ಸಲ ಆ ಗೆರೆಯಲ್ಲೇ.

ಈಗ ನನ್ನೊಳಗಿನ ಹಳೇ ಎಂಜಿನಿಯರ್‌ಗೆ ಅತ್ಯಂತ ಇಷ್ಟವಾದ ಭಾಗ. ದವಡೆ ಹಲ್ಲಿನ ಅಗಿಯೋ ಮುಖದಲ್ಲಿ ಎಂ ಕಡೆಗೊಂದು, ಡಿ ಕಡೆಗೊಂದು ಏಣು ಇರುತ್ತೆ. ಅದರ ಹೆಸರು ಮಾರ್ಜಿನಲ್ ರಿಡ್ಜ್. ಮನೆ ಗೋಡೆಗಳನ್ನು ಹಿಡಿದಿಡೋ ಲಿಂಟಲ್ ಬೆಲ್ಟ್ ಇದ್ದ ಹಾಗೆ ಇವು ಕಸ್ಪ್‌ಗಳನ್ನು ಬಿಗಿಯಾಗಿ ಹಿಡಿದಿರುತ್ತವೆ. 1989ರಲ್ಲಿ ಪ್ರಕಟವಾದ, ಕಿತ್ತ ಮುಂದವಡೆ ಹಲ್ಲುಗಳ ಮೇಲಿನ ಪ್ರಯೋಗವೊಂದು ಇದನ್ನು ಅಳೆದು ತೋರಿಸಿತು. ರೂಟ್ ಕೆನಾಲ್ ಕೆಲಸದಿಂದ ಹಲ್ಲಿನ ಬಿಗಿತ ಕಡಿಮೆಯಾದದ್ದು ಬರೀ ಶೇ. 5ರಷ್ಟು. ಅಗಿಯೋ ಮುಖದಲ್ಲಿ ಮಾತ್ರ ಕುಳಿ ಕೊರೆದಾಗ ಶೇ. 20. ಎಂಓಡಿ ಕುಳಿ, ಅಂದ್ರೆ ಎರಡೂ ಏಣು ಹೋದಾಗ ಶೇ. 63.

ಅಂದ್ರೆ ‘ರೂಟ್ ಕೆನಾಲ್ ಮಾಡಿಸಿದ್ರೆ ಹಲ್ಲು ಪೊಳ್ಳಾಗಿಬಿಡುತ್ತೆ’ ಅನ್ನೋದು ಅರ್ಧ ಸತ್ಯ. ಹಲ್ಲನ್ನು ಹೆಚ್ಚು ದುರ್ಬಲ ಮಾಡೋದು ಅದಕ್ಕೂ ಮುಂಚೆ ಹುಳುಕು ತಿಂದುಹಾಕಿದ ಗೋಡೆಗಳು. ಕ್ಯಾಪ್ ಬೇಕಾ, ಬರೀ ಫಿಲ್ಲಿಂಗ್ ಸಾಕಾ ಅನ್ನೋ ಸಾವಿರಾರು ರೂಪಾಯಿಯ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇರೋದು ಇಲ್ಲೇ: ಯಾವ ಮುಖ ಹೋಗಿದೆ, ಯಾವ ಏಣು ಉಳಿದಿದೆ?

ಚೀಟಿಯಲ್ಲಿ 36 ಪದೇ ಪದೇ ಕಾಣೋದಕ್ಕೆ ಒಂದು ಬೇಜಾರಿನ ಕಾರಣವೂ ಇದೆ. ಇದು ಹುಟ್ಟೋದು ಸುಮಾರು ಆರನೇ ವಯಸ್ಸಿಗೆ, ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲನ್ನೂ ಬೀಳಿಸದೆ. ಹಲ್ಲು ಬಿದ್ದಿಲ್ಲವಲ್ಲ, ಹಾಗಾಗಿ ಇದೂ ಹಾಲು ಹಲ್ಲೇ ಅಂದುಕೊಳ್ತೀವಿ. ಕಪ್ಪಾದರೆ ‘ಬಿದ್ದು ಬೇರೆ ಬರುತ್ತೆ ಬಿಡಿ’ ಅಂತೀವಿ. ಬರಲ್ಲ. 16, 26, 36, 46 ಈ ನಾಲ್ಕೂ ಜೀವನಪೂರ್ತಿ ಇರಬೇಕಾದ ಹಲ್ಲುಗಳು, ಅವುಗಳ ಕಣಿವೆಗಳೂ ಆಳ. ಹುಟ್ಟಿದ ಹೊಸತರಲ್ಲೇ ಆ ಕಣಿವೆಗಳನ್ನು ಸೀಲೆಂಟ್ ಅನ್ನೋ ತೆಳು ಲೇಪನದಿಂದ ಮುಚ್ಚಬಹುದು. ನೋವಿಲ್ಲ, ಸಾಮಾನ್ಯವಾಗಿ ಕೊರೆಯೋದೂ ಇಲ್ಲ. ಮನೆಯಲ್ಲಿ ಆರು-ಏಳು ವರ್ಷದ ಮಗು ಇದ್ದರೆ ಇವತ್ತು ರಾತ್ರಿ ಟಾರ್ಚ್ ಹಿಡಿದು ಒಮ್ಮೆ ನೋಡಿ. ಮಧ್ಯದಿಂದ ಹಿಂದಕ್ಕೆ ಎಣಿಸಿ, ಆರನೇ ಹಲ್ಲು ಇದೆಯಾ?

ಚಿಕಿತ್ಸೆಗೆ ಮುಂಚೆ ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟೇ ಒಪ್ಪಿಗೆ ಪಡೆಯಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅರ್ಥವಾಗದ ಕೋಡ್‌ನ ಕೆಳಗೆ ಸಹಿ ಹಾಕಿಸಿಕೊಳ್ಳೋದು ಮಾಹಿತಿ ಕೊಟ್ಟ ಹಾಗಲ್ಲ. ‘ಕೆಳಗಿನ ಎಡ ದವಡೆ ಹಲ್ಲು, ಮುಂದಿನ ಸಂದಿ’ ಅಂತ ಕನ್ನಡದಲ್ಲಿ ಹೇಳೋಕೆ ಅರ್ಧ ನಿಮಿಷ ಸಾಕು. ಹೇಳದಿದ್ರೆ ನೀವೇ ಕೇಳಿ: ಯಾವ ಹಲ್ಲು, ಯಾವ ಮುಖ, ಎಕ್ಸ್‌ರೇನಲ್ಲಿ ಎಲ್ಲಿ ಕಾಣುತ್ತೆ ತೋರಿಸಿ. ಒಳ್ಳೆ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳಲ್ಲ. ಹೆಚ್ಚಿನವರು ಆ ಕನ್ನಡಿಯನ್ನೇ ನಿಮ್ಮ ಕಡೆ ತಿರುಗಿಸಿ ತೋರಿಸ್ತಾರೆ.