ಪಂಜರದಲ್ಲಿ ಬೆಳೆದ ಜಟಾಯು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿ ನಿಂತು ತಲೆಯೆತ್ತಿದರೆ, ಮಾಂಸದಂಗಡಿಗಳ ಮೇಲೆ ಸುತ್ತುಹಾಕುವ ಹದ್ದುಗಳು ಕಾಣುತ್ತವೆ. ಕವಲು ಬಾಲದ ಈ ಹಕ್ಕಿಯನ್ನೇ ರಣಹದ್ದೆಂದು ಭಾವಿಸುವವರುಂಟು. ಅದು ತಪ್ಪು. ನಿಜವಾದ ರಣಹದ್ದನ್ನು ಕಾಣಬಯಸುವ ದಂಡಿನ ನಿವಾಸಿ ಸುಮಾರು 50 ಕಿಲೋಮೀಟರು ದೂರದ ರಾಮನಗರಕ್ಕೆ ಹೋಗಬೇಕು. ಅಲ್ಲಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಆದರೆ ಆ ಬಂಡೆಗಳಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಯಷ್ಟು ಮಾತ್ರ.

ಇವು ಬೇಟೆಗಾರನ ಗುಂಡಿಗೆ ಬಲಿಯಾದವಲ್ಲ. ದನಗಳ ನೋವು ತಗ್ಗಿಸಲು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ ಇವುಗಳ ಪಾಲಿಗೆ ವಿಷವಾಯಿತು. ಚಿಕಿತ್ಸೆ ಪಡೆದ ಕೆಲವೇ ದಿನಗಳಲ್ಲಿ ಸತ್ತ ದನವನ್ನು ತಿಂದರೆ ಹಕ್ಕಿಯ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. ವಿಜ್ಞಾನಿಗಳು 2004ರಲ್ಲಿ ಈ ಕಾರಣವನ್ನು ಪ್ರಕಟಿಸುವ ವೇಳೆಗೆ, ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದಿದ್ದವು.

ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಜೀವಿ ಇಂಥ ನಷ್ಟವನ್ನು ತಾನಾಗಿ ತುಂಬಿಕೊಳ್ಳಲಾರದು. ಆದುದರಿಂದ ಹರಿಯಾಣದ ಪಿಂಜೋರಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ ಅಲ್ಲಿನ ಅರಣ್ಯ ಇಲಾಖೆಯೂ ಕೂಡಿ ಇವನ್ನು ಪಂಜರದಲ್ಲಿ ಬೆಳೆಸತೊಡಗಿದವು. ಆ ಕೇಂದ್ರಕ್ಕೆ ಜಟಾಯುವಿನ ಹೆಸರನ್ನೇ ಇಟ್ಟಿದ್ದಾರೆ. ಮೊದಲ ಮೊಟ್ಟೆಯನ್ನು ಎತ್ತಿ ಯಂತ್ರದಲ್ಲಿ ಕಾವು ಕೊಟ್ಟರೆ, ಜೋಡಿ ಇನ್ನೊಂದು ಮೊಟ್ಟೆಯಿಡುವುದುಂಟು. 2020ರಲ್ಲಿ ಅಲ್ಲಿನ ಬಿಳಿಬೆನ್ನಿನ ರಣಹದ್ದುಗಳು ಬಯಲಿಗೆ ಹಾರಿದವು. ವಂಶವೇ ಆರಿಹೋಗದಂತೆ ಕಾಪಾಡಿದ್ದು ಸಾಮಾನ್ಯ ಉಪಕಾರವಲ್ಲ.

ಆದರೆ ಈ ಉಪಕಾರಕ್ಕೂ ಮಿತಿಯುಂಟು. ಖರ್ಚು ಬಹಳ, ಕೆಲವೇ ಹಕ್ಕಿಗಳಿಂದ ಸಂತತಿ ಮುಂದುವರಿದರೆ ರಕ್ತ ಬಲಗುಂದುವ ಭಯವೂ ಇದೆ. ಕೊಟ್ಟದ್ದನ್ನು ತಿಂದು ಬೆಳೆದ ಮರಿ ತನ್ನ ಅನ್ನವನ್ನು ತಾನೇ ಹುಡುಕಲು ಕಲಿಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪಂಜರದ ಬಾಗಿಲು ತೆರೆದೊಡನೆ ಅದು ಉಣ್ಣುವುದು ನಮ್ಮ ಊರಿನ ದನದ ಹೆಣವನ್ನು. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಪಕ್ಷಿಗಳು 1987ರಲ್ಲಿ ಇಪ್ಪತ್ತೇಳಕ್ಕೆ ಇಳಿದಾಗ ಎಲ್ಲವನ್ನೂ ಹಿಡಿದು ಸಾಕಿದರು. ಇಂದು ಅವು ನೂರಾರು. ಆದರೂ ಬೇಟೆಯ ಹೆಣದಲ್ಲಿ ಉಳಿದ ಸೀಸದ ಚೂರು ಬಿಡುಗಡೆಯಾದ ಹಕ್ಕಿಗಳನ್ನು ಈಗಲೂ ಕೊಲ್ಲುತ್ತಿದೆ.

ದಂಡಿನ ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ಕಟ್ಟಿದ ಪಾರ್ಸಿಗಳ ಅಗ್ನಿಮಂದಿರವಿದೆ. ಮೃತದೇಹವನ್ನು ರಣಹದ್ದಿಗೆ ಒಪ್ಪಿಸುವುದು ಆ ಸಮಾಜದ ಸಂಪ್ರದಾಯ. ಮುಂಬಯಿಯಲ್ಲಿ ಅವರು ಈ ಹಕ್ಕಿಗಳನ್ನು ದೊಡ್ಡ ಪಂಜರದಲ್ಲಿ ಸಾಕುವ ಯೋಚನೆ ಮಾಡಿದಾಗ ಎದುರಾದದ್ದೂ ಇದೇ ಪ್ರಶ್ನೆ: ರೋಗಿ ಸೇವಿಸಿದ ಔಷಧ ಹಕ್ಕಿಯ ಹೊಟ್ಟೆ ಸೇರಿದರೆ?

ಸರ್ಕಾರ 2006ರಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ, 2015ರಲ್ಲಿ ಅವನ್ನು 3 ಮಿಲಿಲೀಟರಿಗೆ ಮಿತಗೊಳಿಸಿತು. 2023ರಲ್ಲಿ ಇಂಥವೇ ಆದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ಪಶುಚಿಕಿತ್ಸೆಯಿಂದ ತೆಗೆಯಿತು. ಹಕ್ಕಿಗೆ ಕೇಡು ಮಾಡದ ಮೆಲೊಕ್ಸಿಕಾಮ್ ದೊರೆಯುತ್ತದೆ.

ಪಂಜರವು ನಮಗೆ ಕಾಲಾವಕಾಶವನ್ನು ಕೊಡಬಲ್ಲದು, ಅಷ್ಟೆ. ಆ ಅವಕಾಶ ಸಾರ್ಥಕವಾಗುವುದು ಪಂಜರದ ಹೊರಗೆ. ಕೃಷ್ಣರಾಜಪುರದ ಹಟ್ಟಿಯೊಂದರಲ್ಲಿ ಹಸು ಕಾಯಿಲೆ ಬಿದ್ದಾಗ, ಯಾವ ಸೂಜಿಮದ್ದು ಕೊಡುತ್ತೀರೆಂದು ವೈದ್ಯರನ್ನು ಕೇಳುವ ಗೌಳಿಗನೂ ಜಟಾಯುವಿನ ಬಂಧುವೇ.