ಬಾಸ್‌ನ ಕಿರುಕುಳಕ್ಕೆ ಗಲ್ಫ್ ಕೆಲಸ ಬಿಡುವ ಮುನ್ನ

ಗಲ್ಫ್‌ನಿಂದ ಮಗನೋ ಮಗಳೋ ಫೋನ್ ಮಾಡಿ "ಈ ಬಾಸ್‌ನೊಟ್ಟಿಗೆ ಇನ್ನು ಆಗುವುದಿಲ್ಲ" ಎಂದಾಗ ನಾವು ಹೇಳುವುದು ಒಂದೇ: "ಸಾಲ ಉಂಟು, ಸ್ವಲ್ಪ ಸಹಿಸಿಕೋ." ಸಹನೆ ದೊಡ್ಡ ಗುಣ ನಿಜ, ಪೆಟ್ಟು ತಿನ್ನುವುದು ಸಹನೆಯಲ್ಲ. ವಾಳೆಯ ಗುರಿಕಾರರೂ ಮನೆಯವರೂ ಕೆಲವು ವಿಷಯ ತಿಳಿದಿದ್ದರೆ ಒಳ್ಳೆಯದು.

ಯು.ಎ.ಇ.ಯ ಖಾಸಗಿ ಕಂಪೆನಿಗಳಿಗೆ 2022ರ ಫೆಬ್ರವರಿ 2ರಿಂದ ಹೊಸ ಕಾರ್ಮಿಕ ಕಾನೂನು ಜಾರಿಯಲ್ಲಿದೆ. ಪ್ರೊಬೇಷನ್ ಮುಗಿದವರು ಒಪ್ಪಂದದಲ್ಲಿರುವಂತೆ 30ರಿಂದ 90 ದಿನಗಳ ಲಿಖಿತ ನೋಟಿಸ್ ಕೊಟ್ಟು ರಾಜೀನಾಮೆ ನೀಡಬಹುದು. ಒಂದು ವರ್ಷ ತುಂಬಿದ್ದರೆ, ತಾವಾಗಿ ಬಿಟ್ಟರೂ ಗ್ರಾಚ್ಯುಟಿ ಉಂಟು: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ. ಬಾಕಿ ಹಣ 14 ದಿನಗಳೊಳಗೆ ಸಂದಾಯವಾಗಬೇಕು. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವ ಹಕ್ಕು ಮಾಲಿಕರಿಗಿಲ್ಲ.

ಮಾಲಿಕರಿಂದ ಹಲ್ಲೆ, ಕಿರುಕುಳ ನಡೆದಿದ್ದರೆ ನೋಟಿಸ್ ಇಲ್ಲದೆಯೂ ಬಿಡಬಹುದು. ಆದರೆ ಐದು ಕೆಲಸದ ದಿನಗಳೊಳಗೆ ಅಧಿಕಾರಿಗಳಿಗೆ ದೂರು ಕೊಟ್ಟಿರಬೇಕು. ನಮ್ಮವರು ಸೋಲುವುದು ಇಲ್ಲಿಯೇ. ಹೇಳದೆ ಕೇಳದೆ ರೂಮು ಬಿಟ್ಟು ಹೋಗುತ್ತಾರೆ. ಮಾಲಿಕ 'ಪರಾರಿ' ಎಂದು ವರದಿ ಮಾಡಿದರೆ ಸಾಮಾನ್ಯವಾಗಿ ಒಂದು ವರ್ಷ ಬೇರೆ ವರ್ಕ್ ಪರ್ಮಿಟ್ ಸಿಗದು.

ಮನೆಗೆಲಸದವರಿಗೆ ಬೇರೆಯೇ ಕಾನೂನು. ಅವರು ಭಾರತೀಯ ದೂತಾವಾಸವನ್ನು ಸಂಪರ್ಕಿಸಲಿ. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಒಪ್ಪಂದ ಮತ್ತು ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿರಲಿ.