ಆರು ದಿನಗಳ ಸೃಷ್ಟಿ: ಪಾಸ್ಖ ಜಾಗರಣೆಯ ಮೊದಲ ವಾಚನ



ಪಾಸ್ಖ ಜಾಗರಣೆಯ ರಾತ್ರಿ ಹೊಸ ಬೆಂಕಿಯನ್ನು ಆಶೀರ್ವದಿಸಿ, ಪಾಸ್ಖ ದೀಪದ ಹಿಂದೆ ದೇವಾಲಯ ಪ್ರವೇಶಿಸಿದ ನಾವು ಕೇಳುವ ಮೊದಲ ವಾಚನವೇ ಆದಿಕಾಂಡದ ಸೃಷ್ಟಿ ವೃತ್ತಾಂತ. ದೇವರು ಆರು ದಿನಗಳಲ್ಲಿ ಸಕಲವನ್ನೂ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದರು. ನಮ್ಮ ಮಕ್ಕಳಾದರೋ ಭೂಮಿಗೆ ಸುಮಾರು 450 ಕೋಟಿ ವರ್ಷ ಎಂದು ವಿಜ್ಞಾನ ಪಾಠದಲ್ಲಿ ಓದಿರುತ್ತಾರೆ. "ಯಾವುದು ನಿಜ?" ಎಂದು ಕೇಳಿದ ಮಗುವನ್ನು "ದೇವರ ವಾಕ್ಯಕ್ಕೆ ಎದುರು ಮಾತಾಡಬೇಡ" ಎಂದು ಗದರಿಸಿದರೆ ಮಗು ಸುಮ್ಮನಾಗುತ್ತದೆ. ಆದರೆ ಬೆಳೆದ ಮೇಲೆ ಎರಡರಲ್ಲಿ ಒಂದನ್ನು ಬಿಟ್ಟುಬಿಡುತ್ತದೆ. ಬಿಡುವುದು ವಿಜ್ಞಾನವನ್ನಲ್ಲ.

ಆ ದಿನಗಳು 24 ಗಂಟೆಗಳ ದಿನಗಳೇ ಎಂದು ನಂಬುವ ಕ್ರೈಸ್ತರು ಅನೇಕರಿದ್ದಾರೆ. ಐರ್ಲೆಂಡಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಲೆಕ್ಕ ಹಾಕಿ, ಸೃಷ್ಟಿಯಾದದ್ದು ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಎಂದು 1650ರಲ್ಲಿ ಬರೆದರು. ಅವರ ಶ್ರದ್ಧೆಯನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಶ್ರೀಗ್ರಂಥವೇ ಅಂಥ ಲೆಕ್ಕಕ್ಕೆ ಒಗ್ಗುವುದಿಲ್ಲ. ಬೆಳಕು ಬಂದದ್ದು ಮೊದಲ ದಿನ, ಸೂರ್ಯ ಬಂದದ್ದು ನಾಲ್ಕನೆಯ ದಿನ. ಸೂರ್ಯನಿಲ್ಲದೆ ಬೆಳಗು ಬೈಗು ಹೇಗಾದವು? ಇದು ಇಂದಿನ ನಾಸ್ತಿಕರ ಪ್ರಶ್ನೆಯಲ್ಲ. ಮೂರನೆಯ ಶತಮಾನದಲ್ಲೇ ಒರಿಜನ್ ಎಂಬ ಕ್ರೈಸ್ತ ಪಂಡಿತರು ಕೇಳಿದ್ದು. ಎರಡನೆಯ ಅಧ್ಯಾಯಕ್ಕೆ ಬಂದರೆ ಮನುಷ್ಯ ಮೊದಲು, ಗಿಡಮರ ಪ್ರಾಣಿಗಳು ಆಮೇಲೆ. ಎರಡನ್ನೂ ಅಕ್ಕಪಕ್ಕ ಇಟ್ಟವರಿಗೆ ಈ ವ್ಯತ್ಯಾಸ ಕಾಣಿಸಲಿಲ್ಲವೇ? ಕಾಣಿಸಿತ್ತು, ಅವರಿಗೆ ಅದು ತೊಡಕಾಗಿರಲಿಲ್ಲ.

ಅಮ್ಮ "ಹೊಟ್ಟೆ ಉರಿಯುತ್ತಿದೆ" ಎಂದರೆ ಯಾರೂ ನೀರಿನ ಕೊಡ ಹಿಡಿದು ಓಡಿಬರುವುದಿಲ್ಲ. ಧರ್ಮಸಭೆ ಹೇಳುವ ಅಕ್ಷರಾರ್ಥವೂ ಹಾಗೆಯೇ: ಪವಿತ್ರಾತ್ಮರ ಪ್ರೇರಣೆಯಿಂದ ಬರೆದ ಲೇಖಕನು ಏನನ್ನು ಹೇಳಲು ಹೊರಟನೋ ಅದೇ ಅಕ್ಷರಾರ್ಥ. ಅದನ್ನು ಅರಿಯಲು ಆ ಕಾಲದ ಬರವಣಿಗೆಯ ಪ್ರಕಾರಗಳನ್ನು ಅಭ್ಯಸಿಸಬೇಕೆಂದು ಜಗದ್ಗುರು ಹನ್ನೆರಡನೆಯ ಪಯಸ್ 1943ರಲ್ಲಿ ಸೂಚಿಸಿದರು.

ಹಾಗಾದರೆ ಲೇಖಕ ಹೇಳಹೊರಟದ್ದೇನು? ಈ ಅಧ್ಯಾಯ ರೂಪುಗೊಂಡದ್ದು ಕ್ರಿ.ಪೂ. ಆರನೆಯ ಶತಮಾನದ ಆಸುಪಾಸಿನಲ್ಲಿ, ಜೆರುಸಲೇಮನ್ನು ಕಳೆದುಕೊಂಡ ಜನ ಬಾಬಿಲೋನಿನಲ್ಲಿ ಸೆರೆಯಾಗಿದ್ದಾಗ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಲ್ಲಿ ಸೂರ್ಯನೂ ದೇವರು, ಚಂದ್ರನೂ ದೇವರು. ಅಲ್ಲಿನ ಸೃಷ್ಟಿಕಥೆಯಲ್ಲಿ ಮರ್ದೂಕನು ತಿಯಾಮತಳನ್ನು ಕೊಂದು ಅವಳ ಶವವನ್ನು ಸೀಳಿ ಆಕಾಶ ಮಾಡುತ್ತಾನೆ. ದೇವತೆಗಳ ದುಡಿಮೆಯ ಹೊರೆ ಹೊರಲು, ಸೋತ ದೇವತೆಯೊಬ್ಬನ ರಕ್ತದಿಂದ ಮನುಷ್ಯ ಹುಟ್ಟುತ್ತಾನೆ. ಇದನ್ನು ಕೇಳುತ್ತಾ ಬದುಕಿದ ಸೆರೆಯಾಳುಗಳಿಗೆ ನಮ್ಮ ಲೇಖಕ ಬೇರೆಯೇ ಸುದ್ದಿ ಕೊಡುತ್ತಾನೆ. ಯುದ್ಧವಿಲ್ಲ, ರಕ್ತವಿಲ್ಲ, ದೇವರು ನುಡಿದರು, ಆಯಿತು. ಸೂರ್ಯಚಂದ್ರರಿಗೆ ಅವನು ಹೆಸರನ್ನೂ ಕೊಡುವುದಿಲ್ಲ, ದೊಡ್ಡದೊಂದು ಚಿಕ್ಕದೊಂದು ದೀಪವೆಂದು ತೂಗುಹಾಕಿ ಮುಂದೆ ಹೋಗುತ್ತಾನೆ! ಮನುಷ್ಯನಾದರೋ, ಗಂಡೂ ಹೆಣ್ಣೂ, ದೇವರ ಪ್ರತಿರೂಪ. ಮತ್ತು ವಾರಕ್ಕೊಂದು ವಿಶ್ರಾಂತಿಯ ದಿನ. ಬಿಡುವಿಲ್ಲದೆ ದುಡಿಯುವವನಿಗೆ ಅದರ ಬೆಲೆ ಗೊತ್ತು.

ಗಂಟೆಗಳನ್ನು ಎಣಿಸುತ್ತ ಕೂತರೆ ಇವೆಲ್ಲ ಕೈತಪ್ಪುತ್ತವೆ. ಆಕಾಶ, ನಕ್ಷತ್ರಗಳ ವಿಷಯದಲ್ಲಿ ಕ್ರೈಸ್ತನೊಬ್ಬ ಶ್ರೀಗ್ರಂಥದ ಹೆಸರಿನಲ್ಲಿ ತಿಳಿಯದೆ ಮಾತಾಡಿದರೆ, ತಿಳಿದವರು ನಮ್ಮ ಪುನರುತ್ಥಾನದ ಬೋಧನೆಯನ್ನು ಹೇಗೆ ನಂಬಿಯಾರು ಎಂದು ಸಂತ ಅಗಸ್ಟೀನರು ಐದನೆಯ ಶತಮಾನದ ಆರಂಭದಲ್ಲೇ ಎಚ್ಚರಿಸಿದ್ದರು. ವಿಶ್ವ ಒಂದು ಆದಿಕಣದಿಂದ ವಿಸ್ತರಿಸಿತೆಂಬ ವಾದವನ್ನು 1931ರಲ್ಲಿ ಮುಂದಿಟ್ಟ ಜಾರ್ಜ್ ಲಮೇತ್ರ್ ಬೆಲ್ಜಿಯಂನ ಕಥೋಲಿಕ ಗುರುಗಳು ಎಂಬುದನ್ನೂ ಮಕ್ಕಳಿಗೆ ಹೇಳೋಣ. ಮಾನವ ದೇಹದ ವಿಕಾಸದ ಕುರಿತ ಸಂಶೋಧನೆಗೂ 1950ರಲ್ಲಿ ಧರ್ಮಸಭೆ ಬಾಗಿಲು ಮುಚ್ಚಲಿಲ್ಲ. ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆಂಬುದನ್ನು ಬಿಟ್ಟುಕೊಡಲೂ ಇಲ್ಲ.

ಜಾಗರಣೆಯಲ್ಲಿ ಈ ವಾಚನದ ಸಂಕ್ಷಿಪ್ತ ರೂಪಕ್ಕೂ ಅವಕಾಶವಿದೆ. ಹೊತ್ತಾಯಿತೆಂದು ಅದನ್ನೇ ಆರಿಸಿಕೊಳ್ಳುವುದುಂಟು. ಅದರಲ್ಲಿ ಮನುಷ್ಯನ ಸೃಷ್ಟಿ ಉಳಿಯುತ್ತದೆ, ಬೆಳಕೂ ಸೂರ್ಯಚಂದ್ರರೂ ಏಳನೆಯ ದಿನವೂ ಬಿಟ್ಟುಹೋಗುತ್ತವೆ. ಈ ಸಲ ಪೂರ್ತಿ ಓದಿಸೋಣ. ವಾಚಕರು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಬರಲಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ.